ಕಡಲಿನ ಲೆಕ್ಕಕ್ಕೆ ಇನ್ನೊಂದು ದಿನ

1945ರ ಆಗಸ್ಟ್ ಕಳೆಯುತ್ತಿದ್ದಂತೆ ಭೂಮಿಯ ಕಡಲುಗಳೆಲ್ಲ ಒಮ್ಮೆಗೇ ತಣ್ಣಗಾದವು ಎಂದು ದಾಖಲೆಗಳು ಹೇಳುತ್ತಿದ್ದವು. ಇಳಿಕೆ ಸುಮಾರು 0.3 ಡಿಗ್ರಿ ಸೆಲ್ಸಿಯಸ್. ಸಂಖ್ಯೆ ಪುಟ್ಟದು, ನಿಜ. ಆದರೆ ಇಡೀ ಜಗತ್ತಿನ ಸರಾಸರಿ ಕೆಲವೇ ತಿಂಗಳಲ್ಲಿ ಅಷ್ಟು ಕುಸಿಯಬೇಕಾದರೆ ಬಲವಾದ ಕಾರಣವೇ ಬೇಕು. ಆಗ ಅಷ್ಟು ದೊಡ್ಡ ಜ್ವಾಲಾಮುಖಿಯೇನೂ ಸಿಡಿದಿರಲಿಲ್ಲ. 2008ರಲ್ಲಿ ಡೇವಿಡ್ ಥಾಂಪ್ಸನ್, ಜಾನ್ ಕೆನಡಿ, ಜಾನ್ ವ್ಯಾಲೇಸ್ ಮತ್ತು ಫಿಲ್ ಜೋನ್ಸ್ ಎಂಬ ನಾಲ್ವರು ಎಲ್ ನಿನೋದಂಥ ಸಹಜ ಏರಿಳಿತಗಳನ್ನೆಲ್ಲ ದಾಖಲೆಯಿಂದ ಕಳೆದು ನೋಡಿದರು. ಆಗ ಆ ಇಳಿಕೆಯ ಮೆಟ್ಟಿಲು ಇನ್ನಷ್ಟು ಸ್ಪಷ್ಟವಾಗಿ ಎದ್ದು ನಿಂತಿತು. ಕಾರಣ ಕಡಲಿನಲ್ಲಿರಲಿಲ್ಲ, ಅಳೆದ ಹಡಗುಗಳಲ್ಲಿತ್ತು.

ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, 1942ರ ಜನವರಿಯಿಂದ 1945ರ ಆಗಸ್ಟ್‌ವರೆಗೆ, ಸಮುದ್ರದ ಮೇಲ್ಮೈ ಉಷ್ಣತೆಯ ದಾಖಲೆಗಳಲ್ಲಿ ಶೇ. 80ರಷ್ಟು ಅಮೆರಿಕದ ಹಡಗುಗಳಿಂದ ಬರುತ್ತಿದ್ದವು. ಅವು ಹೆಚ್ಚಾಗಿ ಎಂಜಿನ್ ತಂಪು ಮಾಡಲು ಒಳಗೆ ಎಳೆದುಕೊಂಡ ನೀರಿನ ಉಷ್ಣತೆಯನ್ನು ಬರೆದುಕೊಳ್ಳುತ್ತಿದ್ದವು. ಎಂಜಿನ್ ಕೋಣೆಯ ಬಿಸಿ ತಾಗಿ ಆ ನೀರು ಇರುವುದಕ್ಕಿಂತ ತುಸು ಬೆಚ್ಚಗೆ ಕಾಣುತ್ತದೆ. ಯುದ್ಧ ಮುಗಿದ ಮೇಲೆ ಅಮೆರಿಕದ ಪಾಲು ಶೇ. 30ಕ್ಕೆ ಇಳಿದು ಬ್ರಿಟನ್ ಹಡಗುಗಳ ಪಾಲು ಶೇ. 50ರ ಹತ್ತಿರಕ್ಕೆ ಬಂತು. ಬ್ರಿಟಿಷ್ ನಾವಿಕರು ಹಗ್ಗಕ್ಕೆ ಕಟ್ಟಿದ ಬಕೆಟ್ಟನ್ನು ಕಡಲಿಗೆ ಇಳಿಬಿಟ್ಟು, ನೀರು ಮೇಲೆತ್ತಿ, ಅದರಲ್ಲಿ ಉಷ್ಣಮಾಪಕ ಅದ್ದುತ್ತಿದ್ದರು. ಬಕೆಟ್ ಮೇಲೇರುವಷ್ಟರಲ್ಲಿ ಗಾಳಿಗೆ ಒಂದಿಷ್ಟು ನೀರು ಆವಿಯಾಗಿ ಉಳಿದದ್ದು ತಣ್ಣಗಾಗುತ್ತದೆ. ಎರಡೂ ಕಡೆಯವರು ಕಂಡದ್ದನ್ನು ಪ್ರಾಮಾಣಿಕವಾಗಿಯೇ ಬರೆದಿದ್ದರು. ಎರಡು ಬಗೆಯ ಅಳತೆಗಳು ಒಂದೇ ಸಾಲಿನಲ್ಲಿ ಒಂದರ ಮುಂದೊಂದು ಸೇರಿಕೊಂಡಾಗ ನಡುವೆ ಬಿದ್ದ ಸಂದಿಯೇ ಆ 0.3 ಡಿಗ್ರಿ.

ಈ ಅಧ್ಯಾಯದ ವಿಷಯ ಅಂಥ ಸಂದಿಗಳೇ. ಸಮುದ್ರ ವಿಜ್ಞಾನ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಹಡಗು, ಉಪಗ್ರಹ, ತೇಲುಬೋಯೆಗಳು. ಆದರೆ ಇವು ತಂದ ಸಂಖ್ಯೆಗಳು ಒಂದು ಗ್ರಾಫ್ ಆಗುವ ಮೊದಲು ಯಾರೋ ಒಬ್ಬರು ಕೂತು ಬರೆದ ನೂರಿನ್ನೂರು ಸಾಲಿನ ಕಂಪ್ಯೂಟರ್ ಸ್ಕ್ರಿಪ್ಟ್ ಒಂದರ ಮೂಲಕ ಹಾದುಬರುತ್ತವೆ. ಬೇರೆ ಬೇರೆ ಜಾಲರಿಯಲ್ಲಿರುವ ದತ್ತಾಂಶವನ್ನು ಒಂದೇ ಜಾಲರಿಗೆ ತರುವುದು, ಹೊಸ ದಿನವನ್ನು ಹಳೆಯ ಸರಣಿಯ ತುದಿಗೆ ಜೋಡಿಸುವುದು ಅದರ ಕೆಲಸ. ಇದನ್ನು ಗುಮಾಸ್ತಿಕೆ ಎಂದುಕೊಂಡವರು ಬಹಳ. ನನ್ನ ಪ್ರಕಾರ ಇದು ಶುದ್ಧ ವಿಜ್ಞಾನವೇ. ಇದರ ಪ್ರತಿ ಸಾಲಿನಲ್ಲೂ ಕಡಲಿನ ಬಗ್ಗೆ ಒಂದು ತೀರ್ಮಾನ ಅಡಗಿರುತ್ತದೆ.

ಒಂದು ನಿಜವಾದ ಸರಣಿಯನ್ನೇ ತೆಗೆದುಕೊಳ್ಳೋಣ. ಅಮೆರಿಕದ ನೋವಾ ಸಂಸ್ಥೆ ಪ್ರತಿದಿನ ಇಡೀ ಜಗತ್ತಿನ ಸಮುದ್ರ ಮೇಲ್ಮೈ ಉಷ್ಣತೆಯ ಒಂದು ಕಡತವನ್ನು ಹೊರತರುತ್ತದೆ. ಉಪಗ್ರಹ, ಹಡಗು, ಬೋಯೆಗಳ ಅಳತೆಗಳನ್ನು ಬೆರೆಸಿ ಮಾಡಿದ ಇದಕ್ಕೆ ಓಐಎಸ್‌ಎಸ್‌ಟಿ ಎಂದು ಹೆಸರು. ಸರಣಿ ಶುರುವಾಗುವುದು 1981ರ ಸೆಪ್ಟೆಂಬರ್‌ನಿಂದ. ಭೂಪಟವನ್ನು ಅಕ್ಷಾಂಶ, ರೇಖಾಂಶ ಎರಡರಲ್ಲೂ ಕಾಲು ಡಿಗ್ರಿಯ ಚೌಕಗಳ ಜಾಲರಿಯಾಗಿ ಹೋಳು ಮಾಡಿರುತ್ತಾರೆ. ಅಡ್ಡಕ್ಕೆ 1440, ಉದ್ದಕ್ಕೆ 720, ಒಟ್ಟು 10,36,800 ಚೌಕಗಳು. ಸಮಭಾಜಕದ ಹತ್ತಿರ ಒಂದು ಚೌಕದ ಬದಿ ಸುಮಾರು 28 ಕಿಲೋಮೀಟರ್. ದಿನಕ್ಕೊಂದರಂತೆ ನಾಲ್ಕು ದಶಕ ದಾಟಿದ ಈ ಕಡತಗಳನ್ನು ಕೈಯಲ್ಲಿ ಒಂದೊಂದಾಗಿ ತೆರೆದು ಕೆಲಸ ಮಾಡಲು ಯಾರಿಂದಲೂ ಆಗದು.

ಇದರಿಂದ ನಮಗೆ ಬೇಕಾದದ್ದು ಹಿಂದೂ ಮಹಾಸಾಗರದ ದ್ವಿಧ್ರುವ ಸೂಚ್ಯಂಕ ಎಂದುಕೊಳ್ಳಿ. ಈ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗಾಗಿ ಸುಮಾತ್ರದ ಬದಿ ತಣ್ಣಗಾಗುವ ವಿದ್ಯಮಾನಕ್ಕೆ 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಸಾಜಿ, ಗೋಸ್ವಾಮಿ, ವಿನಯಚಂದ್ರನ್ ಮತ್ತು ಯಮಗಾತ ಈ ಹೆಸರು ಕೊಟ್ಟರು. ಇವರಲ್ಲಿ ಗೋಸ್ವಾಮಿ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ವಿನಯಚಂದ್ರನ್ ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾದರು. ಲೆಕ್ಕ ಸರಳ. ಪೂರ್ವ ರೇಖಾಂಶ 50ರಿಂದ 70, ಸಮಭಾಜಕದ ಎರಡೂ ಬದಿಗೆ 10 ಡಿಗ್ರಿಯ ಪೆಟ್ಟಿಗೆ ಒಂದು. ರೇಖಾಂಶ 90ರಿಂದ 110, ಸಮಭಾಜಕದಿಂದ ದಕ್ಷಿಣಕ್ಕೆ 10 ಡಿಗ್ರಿಯದು ಇನ್ನೊಂದು. ಎರಡರಲ್ಲೂ ಉಷ್ಣತೆ ವಾಡಿಕೆಗಿಂತ ಎಷ್ಟು ಬೇರೆಯಾಗಿದೆ ಎಂದು ನೋಡಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು. 2019ರಲ್ಲಿ ಈ ಸೂಚ್ಯಂಕ ಬಹಳ ಮೇಲೇರಿತ್ತು. ಆ ವರ್ಷ ಪೂರ್ವ ಆಫ್ರಿಕದಲ್ಲಿ ನೆರೆ ಬಂತು, ಆಸ್ಟ್ರೇಲಿಯದಲ್ಲಿ ಕಾಡು ಉರಿಯಿತು.

ಸರಳ ಲೆಕ್ಕ ತೊಡಕಾಗುವುದು ಎರಡನೆಯ ಸರಣಿಯೊಂದನ್ನು ಪಕ್ಕಕ್ಕಿಟ್ಟಾಗ. ನೂರು ವರ್ಷ ಹಿಂದಕ್ಕೆ ಹೋಗಬೇಕೆಂದರೆ 1854ರಿಂದ ಶುರುವಾಗುವ, ಎರಡು ಡಿಗ್ರಿ ಚೌಕಗಳ ಇಆರ್‌ಎಸ್‌ಎಸ್‌ಟಿ ಎಂಬ ಮಾಸಿಕ ಸರಣಿಯ ಮೊರೆ ಹೋಗಬೇಕು. ಎರಡು ಡಿಗ್ರಿ ಎಂದರೆ 220 ಕಿಲೋಮೀಟರ್ ಮೀರಿದ ಬದಿ. ಮಂಗಳೂರಿನಿಂದ ಕಾರವಾರದವರೆಗಿನ ನಮ್ಮ ಇಡೀ ಕರಾವಳಿಗೆ ಅದರಲ್ಲಿ ಒಂದೆರಡು ಚೌಕ ಸಾಕು. ಮಳೆಗಾಲದಲ್ಲಿ ಈ ತೀರದುದ್ದಕ್ಕೂ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆದ್ದು ಬರುತ್ತದೆ. ಬಂಗುಡೆ, ಬೂತಾಯಿಗಳ ಸಮೃದ್ಧಿಯ ಹಿಂದಿರುವುದು ಈ ನೀರೇ. ತೀರಕ್ಕೆ ಅಂಟಿಕೊಂಡ ಆ ಕಿರಿದಾದ ತಂಪು ಪಟ್ಟಿ ಕಾಲು ಡಿಗ್ರಿಯಲ್ಲಿ ಅಲ್ಪಸ್ವಲ್ಪ ಕಾಣುತ್ತದೆ, ಎರಡು ಡಿಗ್ರಿಯಲ್ಲಿ ಅರಬ್ಬಿ ಸಮುದ್ರದ ಬೆಚ್ಚನೆಯ ಸರಾಸರಿಯೊಳಗೆ ಕರಗಿಹೋಗುತ್ತದೆ.

ಎರಡನ್ನೂ ಹೋಲಿಸಬೇಕೆಂದರೆ ಒಂದೇ ಜಾಲರಿಗೆ ತರಬೇಕು. ಇದಕ್ಕೆ ರಿಗ್ರಿಡ್ಡಿಂಗ್ ಎನ್ನುತ್ತಾರೆ. ಯಾವ ಕಡೆಗೆ ತರುವುದು? ಒರಟು ಜಾಲರಿಯನ್ನು ನುಣುಪು ಜಾಲರಿಗೆ ತಂದರೆ ನಕ್ಷೆ ಸುಂದರವಾಗುತ್ತದೆ, ಬಣ್ಣಗಳು ನಯವಾಗಿ ಬೆರೆಯುತ್ತವೆ. ಆದರೆ 1854ರ ಹಡಗಿನವರು ನೋಡದ ವಿವರ ಅಲ್ಲಿ ಹುಟ್ಟುವುದಿಲ್ಲ. ಆ ನಯವಾದ ಬಣ್ಣಗಳು ಲೆಕ್ಕದವು, ನೀರಿನವಲ್ಲ. ಆದ್ದರಿಂದ ನುಣುಪನ್ನು ಒರಟಿನ ಕಡೆಗೆ ತರುವುದೇ ನ್ಯಾಯ. ಕಳೆದುಕೊಳ್ಳುವುದು ಏನೆಂದು ಆಗ ನಮಗೆ ಗೊತ್ತಿರುತ್ತದೆ.

ಅದರಲ್ಲೂ ಎರಡು ದಾರಿಗಳಿವೆ, ಸರಿಯಾದದ್ದು ಒಂದೇ. ಕಾಲು ಡಿಗ್ರಿಯ ದತ್ತಾಂಶವನ್ನು ಒಂದು ಡಿಗ್ರಿಗೆ ತರುತ್ತಿದ್ದೀರಿ ಎನ್ನಿ. ಪ್ರತಿ ದೊಡ್ಡ ಚೌಕದೊಳಗೆ 16 ಸಣ್ಣ ಚೌಕಗಳು ಕೂರುತ್ತವೆ. ಲೀನಿಯರ್ ವಿಧಾನ ದೊಡ್ಡ ಚೌಕದ ನಡುಬಿಂದುವನ್ನಷ್ಟೇ ನೋಡುತ್ತದೆ. ಆ ಬಿಂದುವಿನ ಸುತ್ತಲಿನ ನಾಲ್ಕು ಚೌಕಗಳ ನಡುವಣ ಬೆಲೆ ತೆಗೆದುಕೊಂಡು ಉಳಿದ 12ನ್ನು ಬಿಟ್ಟುಬಿಡುತ್ತದೆ. ಸರಾಸರಿಯ ವಿಧಾನ 16ನ್ನೂ ಅವುಗಳ ವಿಸ್ತೀರ್ಣಕ್ಕೆ ತಕ್ಕಂತೆ ಲೆಕ್ಕಕ್ಕೆ ಹಿಡಿಯುತ್ತದೆ. ಸೇರಿನಲ್ಲಿ ಅಳೆದ ಭತ್ತವನ್ನು ಕೊಳಗಕ್ಕೆ ಸುರಿದಾಗ ಕಾಳು ಕಡಿಮೆಯಾಗಬಾರದು, ಹೆಚ್ಚೂ ಆಗಬಾರದು. ಸಮುದ್ರದ ಶಾಖಕ್ಕೂ ಇದೇ ನಿಯಮ.

ಸಿಯಾಟಲ್‌ನಲ್ಲಿರುವ ನೋವಾದ ಪೆಸಿಫಿಕ್ ಸಾಗರ ಪರಿಸರ ಪ್ರಯೋಗಾಲಯದಲ್ಲಿ ಬೆಳೆದ ಫೆರೆಟ್ ಎಂಬ ತಂತ್ರಾಂಶ ಸಮುದ್ರ ವಿಜ್ಞಾನಿಗಳ ಹಳೆಯ ಒಡನಾಡಿ. ಅದರಲ್ಲಿ ಗುರಿಯ ಜಾಲರಿಯ ಹೆಸರನ್ನು ಚರದ ಪಕ್ಕದಲ್ಲಿ ಬರೆದರೆ ಸಾಕು, ದತ್ತಾಂಶ ಆ ಜಾಲರಿಗೆ ಬಂದು ಕೂರುತ್ತದೆ. ವಿಧಾನ ಯಾವುದು ಎಂದು ಹೇಳದಿದ್ದರೆ ಅದು ಲೀನಿಯರ್ ಎಂದೇ ತಿಳಿಯುತ್ತದೆ. ಸರಾಸರಿ ಬೇಕೆಂದರೆ ಬಿಡಿಸಿ ಹೇಳಬೇಕು. ಹ್ಯಾಂಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಹವಾಮಾನ ಸಂಸ್ಥೆಯ ಸಿಡಿಒ ತಂತ್ರಾಂಶದಲ್ಲಿ ಎರಡಕ್ಕೂ ಬೇರೆ ಬೇರೆ ಆಜ್ಞೆಗಳಿವೆ. ಹಾಗಾಗಿ ಬರೆಯುವವರು ಅಲ್ಲಿ ಒಂದು ಕ್ಷಣ ಯೋಚಿಸಲೇಬೇಕಾಗುತ್ತದೆ. ನನಗೆ ಆ ಏರ್ಪಾಡು ಹೆಚ್ಚು ಇಷ್ಟ.

ವಿಸ್ತೀರ್ಣದ ಮಾತು ಬಂತು. ರೇಖಾಂಶಗಳು ಧ್ರುವದ ಕಡೆ ಹತ್ತಿರ ಸರಿಯುವುದರಿಂದ 60ನೇ ಅಕ್ಷಾಂಶದ ಚೌಕ ಸಮಭಾಜಕದ ಚೌಕದ ಅರ್ಧದಷ್ಟೇ ಇರುತ್ತದೆ. ಎಲ್ಲ ಚೌಕಗಳನ್ನೂ ಸಮನಾಗಿ ಕೂಡಿಸಿ ಭಾಗಿಸಿದರೆ ಧ್ರುವದ ತಣ್ಣೀರಿಗೆ ಇಲ್ಲದ ತೂಕ ಬಂದು ಜಗತ್ತಿನ ಸರಾಸರಿ ಕೆಳಗಿಳಿಯುತ್ತದೆ. ದ್ವಿಧ್ರುವದ ಪೆಟ್ಟಿಗೆಗಳು ಸಮಭಾಜಕಕ್ಕೆ ಹತ್ತಿರವಿರುವುದರಿಂದ ಅಲ್ಲಿ ಈ ದೋಷ ಅಷ್ಟಾಗಿ ಬಾಧಿಸದು.

ಅಲ್ಲಿ ಬಾಧಿಸುವುದು ನೆಲ. ಪೂರ್ವದ ಪೆಟ್ಟಿಗೆಯೊಳಗೆ ಸುಮಾತ್ರ, ಜಾವಾ ದ್ವೀಪಗಳ ಭಾಗಗಳಿವೆ. ನೆಲದ ಮೇಲೆ ಸಮುದ್ರದ ಉಷ್ಣತೆ ಇರುವುದಿಲ್ಲವಲ್ಲ, ಆ ಚೌಕಗಳಲ್ಲಿ 'ಇಲ್ಲಿ ಏನೂ ಇಲ್ಲ' ಎಂಬುದರ ಗುರುತಾಗಿ ಒಂದು ಸಂಖ್ಯೆ ಕೂತಿರುತ್ತದೆ. ಓಐಎಸ್‌ಎಸ್‌ಟಿಯಲ್ಲಿ ಅದು ಮೈನಸ್ 999. ಸ್ಕ್ರಿಪ್ಟ್ ಅದನ್ನು ಗುರುತೆಂದು ಅರಿಯದೆ ಉಷ್ಣತೆಯೆಂದೇ ತಿಳಿದರೆ? 28 ಡಿಗ್ರಿಯ 15 ಚೌಕಗಳ ಜತೆ ಅಂಥದೊಂದು ಸೇರಿದರೆ ಸರಾಸರಿ ಮೈನಸ್ 36 ಆಗುತ್ತದೆ. ಇದನ್ನು ಯಾರಾದರೂ ತಕ್ಷಣ ಹಿಡಿಯುತ್ತಾರೆ. ಹೆಚ್ಚು ಅಪಾಯ ಇರುವುದು ಆ ಗುರುತು ಎಲ್ಲೋ ನಡುವೆ ಸೊನ್ನೆಯಾಗಿ ಬದಲಾದಾಗ. 28 ಡಿಗ್ರಿಯ 15 ಚೌಕ, ಸೊನ್ನೆಯ ಒಂದು ಚೌಕ ಸೇರಿದರೆ ಸರಾಸರಿ 26.25. ತೀರದ ಪಕ್ಕದಲ್ಲಿ 26.25 ಡಿಗ್ರಿ ನೀರು! ಆಳದಿಂದ ತಂಪು ನೀರು ಮೇಲೆದ್ದಿದೆ ಎಂದು ನುರಿತವರೂ ನಂಬುವಂಥ ಸಂಖ್ಯೆ ಅದು. ಸುಮಾತ್ರದ ತೀರದಲ್ಲಿ ದ್ವಿಧ್ರುವದ ವರ್ಷಗಳಲ್ಲಿ ನಿಜವಾಗಿಯೂ ಆಗುವುದು ಇಂಥದೇ ಆದ್ದರಿಂದ ಸುಳ್ಳು ಸತ್ಯದ ವೇಷದಲ್ಲೇ ಬಂದು ನಿಲ್ಲುತ್ತದೆ. ತೀರದ ಚೌಕದಲ್ಲಿ 16ರಲ್ಲಿ ಎಷ್ಟು ನೀರಿನ ಚೌಕಗಳಿದ್ದರೆ ಸರಾಸರಿಯನ್ನು ಒಪ್ಪಬೇಕು ಎಂಬುದನ್ನೂ ಬರೆಯುವವರೇ ನಿರ್ಧರಿಸಬೇಕು. ಅರ್ಧ ಎನ್ನುವವರಿದ್ದಾರೆ, ಒಂದಿದ್ದರೂ ಸಾಕು ಎನ್ನುವವರಿದ್ದಾರೆ. ಸಂಖ್ಯೆ ಯಾವುದೇ ಇರಲಿ, ಅದನ್ನು ಬರೆದಿಡದೆ ಹೋಗುವುದು ತಪ್ಪು.

ಜಾಲರಿಯ ಕೆಲಸ ಮುಗಿದ ಮೇಲೆ ಕಾಲದ್ದು. ಈ ಕಡತಗಳಲ್ಲಿ ದಿನಾಂಕವನ್ನು ನಾವು ಬರೆಯುವಂತೆ ಬರೆದಿರುವುದಿಲ್ಲ. 'ಇಂಥ ದಿನದಿಂದ ಇಷ್ಟು ಗಂಟೆ', 'ಇಂಥ ದಿನದಿಂದ ಇಷ್ಟು ದಿನ' ಎಂಬ ಒಂದು ಸಂಖ್ಯೆ ಇರುತ್ತದೆ, ಅಷ್ಟೆ. ಆರಂಭದ ದಿನ ಒಂದೊಂದು ಸಂಸ್ಥೆಗೆ ಒಂದೊಂದು. ಕೆಲವು ಹಳೆಯ ಕಡತಗಳು ಕ್ರಿ.ಶ. 1ರ ಜನವರಿ 1ರಿಂದ ಎಣಿಸುತ್ತವೆ. 1582ರ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಕರೆದು ಯುರೋಪಿನ ಕೆಲವು ದೇಶಗಳು ಪಂಚಾಂಗ ಬದಲಿಸಿದವು. ಒಂದು ತಂತ್ರಾಂಶ ಆ ಬದಲಾವಣೆಯನ್ನು ಗಣನೆಗೆ ತೆಗೆದುಕೊಂಡು ಎಣಿಸುತ್ತದೆ, ಇನ್ನೊಂದು ಇಂದಿನ ಪಂಚಾಂಗವನ್ನೇ ಹಿಂದಕ್ಕೂ ಎಳೆದು ಎಣಿಸುತ್ತದೆ. ಒಂದೇ ಕಡತವನ್ನು ಎರಡರಲ್ಲೂ ತೆರೆದರೆ ದಿನಾಂಕದಲ್ಲಿ ಎರಡು ದಿನದ ವ್ಯತ್ಯಾಸ ಬರುವುದು ಹೀಗೆ. ಹವಾಮಾನ ಮಾದರಿಗಳ ಪೈಕಿ ಕೆಲವಕ್ಕೆ ಫೆಬ್ರವರಿ 29 ಇಲ್ಲ, ಇನ್ನು ಕೆಲವಕ್ಕೆ ಪ್ರತಿ ತಿಂಗಳೂ 30 ದಿನ. ಮಾದರಿಯೊಂದರ ಫೆಬ್ರವರಿ 30ನ್ನು ನಿಜವಾದ ಕಡಲಿನ ಯಾವ ದಿನದ ಎದುರು ಇಡುವುದು? ತಿಂಗಳನ್ನೇ ಏಕಮಾನವಾಗಿ ಬಳಸಿದರೆ ಫೆರೆಟ್ ಅದನ್ನು ವರ್ಷದ ಹನ್ನೆರಡನೇ ಒಂದು ಭಾಗ, ಅಂದರೆ 30.4369 ದಿನ ಎಂದು ತಿಳಿಯುತ್ತದೆ. ಮಾಸಿಕ ಸರಾಸರಿಯನ್ನು ಒಬ್ಬರು ತಿಂಗಳ 1ನೇ ತಾರೀಖಿಗೆ, ಇನ್ನೊಬ್ಬರು ನಡುವಿಗೆ ನೆಟ್ಟಿದ್ದರೆ ಅರ್ಧ ತಿಂಗಳ ಜಾರು. ಮೇ ಕೊನೆಯಲ್ಲಿ ಕುದಿಯುವಂತಿದ್ದು ಮುಂಗಾರು ಬಂದ ಕೂಡಲೇ ತಣಿಯುವ ಅರಬ್ಬಿ ಸಮುದ್ರದಲ್ಲಿ ಅರ್ಧ ತಿಂಗಳು ಎಂದರೆ ಬೇರೆಯೇ ಋತು.

ಇನ್ನು ಜೋಡಣೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಬೌಲ್ಡರ್‌ನ ಯೂನಿಡೇಟಾ ಕೇಂದ್ರ ರೂಪಿಸಿದ ನೆಟ್‌ಸಿಡಿಎಫ್ ಕಡತಗಳಲ್ಲಿ ಒಂದು ಅಕ್ಷವನ್ನು ಕೊನೆಯಿಲ್ಲದ್ದು ಎಂದು ಘೋಷಿಸಬಹುದು. ಸಮುದ್ರದ ಕಡತಗಳಲ್ಲಿ ಅದು ಸಾಮಾನ್ಯವಾಗಿ ಕಾಲ. ಹಾಗೆ ಘೋಷಿಸಿದ್ದರೆ ಹಳೆಯದನ್ನು ಮುಟ್ಟದೆ ಹೊಸ ದಿನವನ್ನು ತುದಿಗೆ ಬರೆಯಬಹುದು. ಫೆರೆಟ್‌ನಲ್ಲಿ 'ಸೇವ್' ಆಜ್ಞೆಯ ಜತೆಗೆ 'ಅಪೆಂಡ್' ಎಂದರೆ ಮುಗಿಯಿತು. ಕೆಲಸ ಇಷ್ಟು ಸುಲಭವಾದದ್ದರಿಂದಲೇ ನೋಡಬೇಕಾದದ್ದನ್ನು ನೋಡದೆ ಜೋಡಿಸುವುದೂ ಸುಲಭವಾಗಿದೆ.

ಉದಾಹರಣೆಗೆ, ಜಾಗ ಉಳಿಸಲು ಉಷ್ಣತೆಯನ್ನು ದಶಮಾಂಶವಿಲ್ಲದ ಪುಟ್ಟ ಪೂರ್ಣಾಂಕವಾಗಿ ಇಡುತ್ತಾರೆ. 28.57 ಡಿಗ್ರಿಯನ್ನು 2857 ಎಂದು ಬರೆದು, ತಲೆಬರಹದಲ್ಲಿ '0.01ರಿಂದ ಗುಣಿಸಿ' ಎಂದು ಸೂಚಿಸುವುದು ಒಂದು ಬಗೆ. 'ಗುಣಿಸಿದ ಮೇಲೆ 25 ಕೂಡಿಸಿ' ಎಂಬ ಸೂಚನೆಯೂ ಇದ್ದರೆ ಅದೇ ಉಷ್ಣತೆ ಬರೀ 357 ಎಂದು ಕೂತಿರುತ್ತದೆ. ಈ ಎರಡು ಕಡತಗಳನ್ನು ಬಿಡಿಸದೆ ಹಾಗೆಯೇ ಜೋಡಿಸಿದರೆ ಮೊದಲನೆಯದರ ತಲೆಬರಹ ಎರಡಕ್ಕೂ ಅನ್ವಯವಾಗಿ ಎರಡನೆಯ ಕಡತದ ಕಡಲು 3.57 ಡಿಗ್ರಿಗೆ ಕುಸಿದುಬಿಡುತ್ತದೆ. ಕಡತ ಜೋಡಿಸಲು ಬಹಳ ಮಂದಿ ಬಳಸುವ ಎನ್‌ಸಿಒ ಸಲಕರಣೆಗಳ ಕೈಪಿಡಿಯೇ ಈ ಎಚ್ಚರಿಕೆ ಕೊಡುತ್ತದೆ. ವರ್ಷಕ್ಕೊಂದು ಕಡತವಿದ್ದು, ಆಯಾ ವರ್ಷದ ಕನಿಷ್ಠ ಗರಿಷ್ಠಗಳಿಗೆ ತಕ್ಕಂತೆ ಈ ಸಂಖ್ಯೆಗಳನ್ನು ಆರಿಸಿದ್ದರೆ ವ್ಯತ್ಯಾಸ ಇನ್ನೂ ಸಣ್ಣದಿರುತ್ತದೆ, ಒಂದು ಡಿಗ್ರಿಯ ಒಂದು ಪಾಲು. ಹೊಸ ವರ್ಷದ ಮೊದಲ ದಿನ ಕಡಲು ತುಸು ಬಿಸಿಯೋ ತಂಪೋ ಆದಂತೆ ಕಾಣುತ್ತದೆ. ಕಡಲಿಗೆ ಜನವರಿ 1 ಗೊತ್ತಿಲ್ಲ. ಮೆಟ್ಟಿಲು ಅದೇ ದಿನ ಬಿದ್ದಿದ್ದರೆ ಮೊದಲು ಸ್ಕ್ರಿಪ್ಟನ್ನು ಅನುಮಾನಿಸಬೇಕು.

ತುದಿಗೆ ಬರೆಯುವುದಷ್ಟೇ ಸಾಲದು ಎಂಬುದಕ್ಕೆ ಇನ್ನೊಂದು ಕಾರಣವಿದೆ. ಓಐಎಸ್‌ಎಸ್‌ಟಿಯ ಹೊಸ ದಿನ ಮೊದಲು ತಾತ್ಕಾಲಿಕವಾಗಿ ಬರುತ್ತದೆ. ತಡವಾಗಿ ತಲುಪಿದ ಅಳತೆಗಳನ್ನೂ ಸೇರಿಸಿ ಸುಮಾರು ಎರಡು ವಾರದ ನಂತರ ಅಂತಿಮ ಕಡತ ಬರುತ್ತದೆ. ಒಳ್ಳೆಯ ಸ್ಕ್ರಿಪ್ಟ್ ಕೊನೆಯ ಎರಡು ವಾರಗಳನ್ನು ಪ್ರತಿದಿನವೂ ಹೊಸದಾಗಿ ನೋಡಿ ತಾತ್ಕಾಲಿಕವನ್ನು ತೆಗೆದು ಅಂತಿಮವನ್ನು ಕೂರಿಸುತ್ತದೆ. ವಿದ್ಯುತ್ ಹೋಗಿಯೋ ಜಾಲ ಕಡಿದೋ ಅರ್ಧಕ್ಕೆ ನಿಂತು ಎರಡನೇ ಸಲ ಓಡಿಸಿದರೂ ಒಂದೇ ದಿನವನ್ನು ಎರಡು ಸಲ ಸೇರಿಸುವುದಿಲ್ಲ. ಬರೆಯುವ ಮೊದಲು ಕಡತದ ಕೊನೆಯ ದಿನಾಂಕ ಓದಿ, ಇದು ಅದರ ಮರುದಿನವೇ ಎಂದು ಕೇಳಿಕೊಳ್ಳುವ ಮೂರು ಸಾಲು ಇದಕ್ಕೆ ಸಾಕು. ಕೆಲವೊಮ್ಮೆ ಹಿಂದಿನ ವರ್ಷಗಳೇ ಬದಲಾಗುತ್ತವೆ. 2020ರಲ್ಲಿ ಇದೇ ಸರಣಿಯ 2.1ನೇ ಆವೃತ್ತಿ ಬಂದಾಗ 2016ರ ಜನವರಿಯಿಂದ ಮುಂದಿನ ದಿನಗಳ ಲೆಕ್ಕವೇ ಹೊಸದಾಯಿತು. ಹಳೆಯ ಆವೃತ್ತಿಯ ತುದಿಗೆ ಹೊಸದನ್ನು ಸುಮ್ಮನೆ ಅಂಟಿಸುತ್ತ ಹೋದವರ ಕೈಯಲ್ಲಿ ಉಳಿಯುವುದು ಎರಡು ಸರಣಿಗಳ ಬೆರಕೆ.

ನಡುವೆ ತೆರಪುಗಳೂ ಇರುತ್ತವೆ. 2004ರಿಂದ ಹಿಂದೂ ಮಹಾಸಾಗರದಲ್ಲಿ ನೆಡುತ್ತ ಬಂದಿರುವ ರಾಮ ಬೋಯೆಗಳ ಜಾಲದಲ್ಲಿ ಭಾರತದ ಪಾಲೂ ದೊಡ್ಡದು. ಲಂಗರು ಹಾಕಿ ನಿಲ್ಲಿಸಿದ ಈ ಬೋಯೆಗಳ ನೆರಳಿನಲ್ಲಿ ಮೀನು ಕೂಡುವುದರಿಂದ ದೋಣಿಗಳು ಅಲ್ಲಿಗೆ ಬರುತ್ತವೆ, ಸಲಕರಣೆಗಳಿಗೆ ಹಾನಿಯಾಗುತ್ತದೆ, ತಿಂಗಳುಗಟ್ಟಲೆ ದತ್ತಾಂಶ ನಿಂತುಹೋಗುತ್ತದೆ. ಕಾಲದ ಅಕ್ಷದಲ್ಲಿ ಲೀನಿಯರ್ ರಿಗ್ರಿಡ್ಡಿಂಗ್ ಮಾಡುವಾಗ ಈ ತೆರಪಿನ ಎರಡು ತುದಿಗಳ ನಡುವೆ ನೇರ ಗೆರೆ ಎಳೆದುಬಿಡುವ ಪ್ರಲೋಭನೆ ಇದ್ದೇ ಇದೆ. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಮಗ್ಗುಲಲ್ಲೇ ಸಾಗಿ ಗುಜರಾತಿಗೆ ಅಪ್ಪಳಿಸಿದ ತೌಕ್ತೆಯಂಥ ಚಂಡಮಾರುತ ಹಾದುಹೋದ ದಾರಿಯಲ್ಲಿ ಕಡಲು ಕಲಕಿ ಮೇಲ್ಮೈ ತಣ್ಣಗಾಗುತ್ತದೆ. ಬೋಯೆ ಕೆಟ್ಟುನಿಂತದ್ದು ಅಂಥ ದಿನಗಳಲ್ಲೇ ಆಗಿದ್ದರೆ ನೇರ ಗೆರೆ ಆ ಚಂಡಮಾರುತವನ್ನೇ ಅಳಿಸಿಹಾಕುತ್ತದೆ. ಖಾಲಿಯನ್ನು ಖಾಲಿ ಎಂದೇ ಬಿಡಬೇಕು. ತುಂಬಲೇಬೇಕಾದರೆ ತುಂಬಿದ ಜಾಗಕ್ಕೆ ಬೇರೆ ಗುರುತು ಇರಬೇಕು.

ಜೋಡಣೆಯನ್ನು ಅತ್ಯಂತ ಶ್ರದ್ಧೆಯಿಂದ ಮಾಡಿದ್ದು ಎಲ್ಲಿ ಎಂದು ಕೇಳಿದರೆ ನಾನು ಕಡಲ ಮಟ್ಟ ಅಳೆಯುವ ಉಪಗ್ರಹಗಳನ್ನು ತೋರಿಸುತ್ತೇನೆ. 1992ರ ಟೋಪೆಕ್ಸ್/ಪೊಸೈಡನ್, 2001ರ ಜೇಸನ್-1, 2008ರ ಜೇಸನ್-2, 2016ರ ಜೇಸನ್-3, 2020ರ ಸೆಂಟಿನೆಲ್-6 ಮೈಕೆಲ್ ಫ್ರೈಲಿಕ್, ಹೀಗೆ ಒಂದರ ಹಿಂದೊಂದು. ಮೂರು ದಶಕಗಳಲ್ಲಿ ಜಗತ್ತಿನ ಕಡಲ ಮಟ್ಟ ಏರಿದ್ದು ಸುಮಾರು 10 ಸೆಂಟಿಮೀಟರ್. ಒಂದು ಉಪಗ್ರಹದಿಂದ ಇನ್ನೊಂದಕ್ಕೆ ದಾಟುವಾಗ ಒಂದೇ ಒಂದು ಸೆಂಟಿಮೀಟರ್ ತಪ್ಪಿದರೂ ಮೂರು ವರ್ಷಗಳ ಏರಿಕೆ ಸುಳ್ಳಾಗಿ ಸೇರುತ್ತದೆ ಅಥವಾ ಮಾಯವಾಗುತ್ತದೆ. ಆದ್ದರಿಂದ ಹಳೆಯದು ಇನ್ನೂ ಕೆಲಸ ಮಾಡುತ್ತಿರುವಾಗಲೇ ಹೊಸದನ್ನು ಹಾರಿಸಿದರು. ಎರಡನ್ನೂ ಒಂದೇ ಕಕ್ಷೆಯಲ್ಲಿ, ಒಂದು ನಿಮಿಷದ ಆಸುಪಾಸಿನ ಅಂತರದಲ್ಲಿ, ಒಂದರ ಹಿಂದೊಂದು ತಿಂಗಳುಗಟ್ಟಲೆ ಓಡಿಸಿದರು. ಒಂದು ನಿಮಿಷದಲ್ಲಿ ಕಡಲು ಬದಲಾಗುವುದಿಲ್ಲ. ಆದ್ದರಿಂದ ಎರಡರ ನಡುವೆ ಕಂಡ ವ್ಯತ್ಯಾಸವೆಲ್ಲ ಉಪಕರಣದ್ದು. ಅದನ್ನು ಅಳೆದು, ಕಳೆದು, ಆಮೇಲೆ ಜೋಡಿಸಿದರು. ಇಷ್ಟಾದರೂ ಮೊದಲ ಉಪಗ್ರಹದ ಒಳಗೇ ಒಂದು ಸಂದಿ ಉಳಿದಿತ್ತು. 1999ರಲ್ಲಿ ಅದರ ವಯಸ್ಸಾದ ಅಳತೆ ಉಪಕರಣವನ್ನು ನಿಲ್ಲಿಸಿ ಜತೆಯಲ್ಲಿದ್ದ ಎರಡನೆಯದನ್ನು ಚಾಲೂ ಮಾಡಿದ್ದರು. ಮೊದಲ ಆರು ವರ್ಷಗಳ ಅಳತೆ ಸ್ವಲ್ಪ ಜಾರಿತ್ತೆಂದು ವಿಜ್ಞಾನಿಗಳು ಬಹಳ ವರ್ಷಗಳ ನಂತರ ಕಂಡುಕೊಂಡು ತಿದ್ದಿದರು. ತಿದ್ದಿದ ಮೇಲೆ ಏರಿಕೆಯ ವೇಗವೇ ಹೆಚ್ಚುತ್ತಿರುವುದು ಇನ್ನಷ್ಟು ನಿಚ್ಚಳವಾಯಿತು.

ಹೀಗೆ ಹಿಂದಿರುಗಿ ತಿದ್ದಲು ಸಾಧ್ಯವಾಗುವುದು ಯಾವ ಸಂಖ್ಯೆ ಎಲ್ಲಿಂದ, ಹೇಗೆ ಬಂತೆಂಬ ಟಿಪ್ಪಣಿ ಉಳಿದಿದ್ದರೆ ಮಾತ್ರ. ಹಡಗುಗಳ ಹಳೆಯ ದಾಖಲೆಗಳನ್ನು ಕೂಡಿಹಾಕಿದ ಅಂತರರಾಷ್ಟ್ರೀಯ ಸಂಗ್ರಹ ಐಕೋಡ್ಸ್‌ನಲ್ಲಿ ಅಳತೆಯ ಜತೆಗೆ ಹಡಗು ಯಾವ ದೇಶದ್ದು ಎಂಬುದೂ ಇತ್ತು. ಯಾರೂ ಅದನ್ನು 'ಬೇಡದ ಮಾಹಿತಿ' ಎಂದು ಅಳಿಸಿರಲಿಲ್ಲ, ಆದ್ದರಿಂದಲೇ 1945ರ ಮೆಟ್ಟಿಲಿನ ಕಾರಣ ಸಿಕ್ಕಿತು. ನೆಟ್‌ಸಿಡಿಎಫ್ ಕಡತದಲ್ಲಿ ಇದಕ್ಕೆಂದೇ 'ಹಿಸ್ಟರಿ' ಎಂಬ ಜಾಗವಿದೆ. ಸಿಡಿಒ, ಎನ್‌ಸಿಒಗಳು ತಾವು ಮಾಡಿದ ಪ್ರತಿ ಕೆಲಸವನ್ನೂ ದಿನಾಂಕ ಸಮೇತ ಅಲ್ಲಿ ಬರೆಯುತ್ತವೆ. ಕಡತವನ್ನು ಕೈಯಲ್ಲಿ ತಿದ್ದಿದಾಗ ಅಲ್ಲಿ ಏನೂ ಉಳಿಯುವುದಿಲ್ಲ. ಕೈಕೆಲಸಕ್ಕಿಂತ ಸ್ಕ್ರಿಪ್ಟ್ ಮೇಲು ಎನ್ನಲು ವೇಗ ಒಂದೇ ಕಾರಣವಲ್ಲ. ಸ್ಕ್ರಿಪ್ಟ್ ಎಂದರೆ ಇನ್ನೊಬ್ಬರು ಓದಿ, ಪ್ರಶ್ನಿಸಿ, ಮತ್ತೆ ಓಡಿಸಿ ನೋಡಬಹುದಾದ ವಿಧಾನ.

ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲೋ ಸುರತ್ಕಲ್ಲಿನ ಎನ್‌ಐಟಿಕೆಯಲ್ಲೋ ಕಾರವಾರದ ಕಡಲಜೀವಶಾಸ್ತ್ರ ವಿಭಾಗದಲ್ಲೋ ಓದುತ್ತಿರುವ ವಿದ್ಯಾರ್ಥಿಗಳೇ, ಈ ಅಧ್ಯಾಯದಲ್ಲಿ ಹೇಳಿದ ದತ್ತಾಂಶವೆಲ್ಲ ಬಿಟ್ಟಿಯಾಗಿ ಸಿಗುತ್ತದೆ. ಫೆರೆಟ್, ಸಿಡಿಒ, ಎನ್‌ಸಿಒಗಳೂ ಬಿಟ್ಟಿಯೇ. ಸಾಧಾರಣ ಲ್ಯಾಪ್‌ಟಾಪ್ ಸಾಕು. 2019ರ ಓಐಎಸ್‌ಎಸ್‌ಟಿ ಕಡತಗಳನ್ನು ಇಳಿಸಿಕೊಂಡು ಒಂದು ಡಿಗ್ರಿಗೆ ತನ್ನಿ, ದ್ವಿಧ್ರುವ ಸೂಚ್ಯಂಕ ಲೆಕ್ಕ ಹಾಕಿ, ಪ್ರಕಟವಾಗಿರುವ ಸೂಚ್ಯಂಕದ ಪಕ್ಕದಲ್ಲಿಟ್ಟು ನೋಡಿ. ತಾಳೆಯಾಗದಿದ್ದರೆ ಮೊದಲು ನೆಲದ ಚೌಕಗಳನ್ನು, ಆಮೇಲೆ ದಿನಾಂಕಗಳನ್ನು ಪರೀಕ್ಷಿಸಿ. ನಿಮ್ಮ ಪ್ರಬಂಧದ ಕೊನೆಯಲ್ಲಿ ಗ್ರಾಫ್ ಜತೆ ಆ ಸ್ಕ್ರಿಪ್ಟನ್ನೂ ಪೂರ್ತಿಯಾಗಿ ಅಚ್ಚು ಹಾಕಿಸಿ. ಅದನ್ನು ಕೇಳಿ ಪಡೆದು ಓದಿ ಅಂಕ ಕೊಡಿ ಎಂದು ಮೇಷ್ಟ್ರುಗಳಲ್ಲೂ ನನ್ನ ವಿನಂತಿ.